ಅನುಭವ ಹೇಳಿ: ವಿಕಿ ಬಳಗಕ್ಕೆ ನೋಂದಣಿ ಬೇಕಾ, ಹೀಗೇ ನಡೆಯುತ್ತದಾ?

ಬದಿಯಡ್ಕದ ಓದುಗ
ನಾವು ಒಂಬತ್ತು ಜನ. ಎರಡು ವರ್ಷದಿಂದ ಬಿಡುವಾದಾಗ ಕನ್ನಡ ವಿಕಿಪೀಡಿಯ, ಹಳೇ ಪುಸ್ತಕಗಳ ಪಠ್ಯ ಸೇರಿಸುವ ಅದರ ಜೊತೆ ತಾಣ ವಿಕಿಸೋರ್ಸ್‌ನಲ್ಲಿ ಕೆಲಸ ಮಾಡುತ್ತೇವೆ. ಈಗ ಊರಿನ ಗ್ರಂಥಾಲಯದವರು ಹಳೇ ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡಲು ಕೊಡುತ್ತೇವೆ ಎಂದಿದ್ದಾರೆ. ಆದರೆ "ನಿಮ್ಮದು ಸಂಘ ಉಂಟಾ, ಸೀಲ್ ಉಂಟಾ" ಅಂತ ಕೇಳುತ್ತಾರೆ. ನೋಂದಣಿ ಮಾಡಿಸುವುದಾ, ಬಳಗವಾಗಿಯೇ ಇರುವುದಾ? ಒಪ್ಪಂದದಲ್ಲಿ ಏನು ಬರೆಯಬೇಕು? ಇನ್ನೊಂದು, ಒಂಬತ್ತರಲ್ಲಿ ಆರು ಜನ ವಾಟ್ಸಾಪ್‌ನಲ್ಲಿ ಬರೀ ಹೆಬ್ಬೆರಳು ತೋರಿಸುತ್ತಾರೆ. ಅವರನ್ನು ಎಬ್ಬಿಸುವುದು ಹೇಗೆ? ಮಾಡಿ ನೋಡಿದವರು ಹೇಳಿ.

ಹಳೇ ಕಾರ್ಯದರ್ಶಿ, ಕುಂಬಳೆ
ಮಾಡಿಸಬೇಡಿ. ಮಾಡಿಸಿದವನೇ ಹೇಳುತ್ತಿದ್ದೇನೆ.

ನಮ್ಮ ಕಾಸರಗೋಡು ಕಡೆ ಹಳೇ ಮಲಬಾರಿನ ಲೆಕ್ಕ, ಸಂಘದ ನೋಂದಣಿಗೆ 1860ರ ಸೊಸೈಟಿ ಕಾಯ್ದೆ. ಏಳು ಜನರ ಸಹಿ ಸಾಕು ಅಂತ ಎಲ್ಲರೂ ಸುಲಭವಾಗಿ ಹೇಳುತ್ತಾರೆ. ಆ ಏಳು ಜನರನ್ನು ಒಂದೇ ದಿನ ಒಂದೇ ಜಾಗದಲ್ಲಿ ಕೂರಿಸಲು ನನಗೆ ಎರಡೂವರೆ ತಿಂಗಳು ಹಿಡಿಯಿತು. ಒಬ್ಬನಿಗೆ ಯಕ್ಷಗಾನ, ಒಬ್ಬನಿಗೆ ಅಡಿಕೆ ಸುಲಿಯುವುದು, ಒಬ್ಬಳಿಗೆ ಪಿಎಸ್‌ಸಿ ಪರೀಕ್ಷೆ. ಬೈಲಾವನ್ನು ಕನ್ನಡದಲ್ಲಿ ಚೆಂದ ಮಾಡಿ ಬರೆದಿದ್ದೆ. ಇಂಗ್ಲಿಷಿನಲ್ಲಿ ತನ್ನಿ ಎಂದರು. ಟೈಪಿಂಗಿಗೆ 1,800. ಓಡಾಡಿದವನಿಗೆ 4,000. ಸೀಲ್ 350, ಅದರಲ್ಲೂ ಒತ್ತಕ್ಷರ ತಪ್ಪಿತ್ತು, ಇನ್ನೊಂದು 350. ಮೊದಲ ವರ್ಷದ ಆಡಿಟ್ 3,500, ಎರಡನೆಯದು 5,000. ಆಡಿಟ್ ಮಾಡುವಷ್ಟು ಹಣ ನಮ್ಮಲ್ಲಿ ಇರಲಿಲ್ಲ ಅನ್ನುವುದು ಬೇರೆ ಮಾತು.

ಬ್ಯಾಂಕ್ ಖಾತೆಗೆ ಇಬ್ಬರ ಸಹಿ. ಖಜಾಂಚಿ ಮದುವೆಯಾಗಿ ದುಬೈಗೆ ಹೋದ. ಖಾತೆಯಲ್ಲಿದ್ದ 11,240 ರೂಪಾಯಿ ಹದಿನಾಲ್ಕು ತಿಂಗಳು ಅಲ್ಲೇ ಇತ್ತು. ನಾನು ಪಾಸ್‌ಬುಕ್ ತೆಗೆದು ನೋಡುವುದು, ಮುಚ್ಚುವುದು.

ಸಂಘ ಆದರೆ ಹೊರದೇಶದ ಅನುದಾನ ಬರುತ್ತದೆ ಅಂತ ನಿಮಗೂ ಯಾರೋ ಹೇಳಿರಬಹುದು. ವಿದೇಶಿ ದೇಣಿಗೆ ಕಾಯ್ದೆಯಲ್ಲಿ ನೋಂದಣಿ ಆಗಬೇಕಾದರೆ ಮೂರು ವರ್ಷ ನಡೆಸಿರಬೇಕು, ಆ ಮೂರು ವರ್ಷದಲ್ಲಿ 15 ಲಕ್ಷ ಕೆಲಸಕ್ಕೆ ಖರ್ಚು ಮಾಡಿರಬೇಕು. ನಮ್ಮ ಮೂರು ವರ್ಷದ ಒಟ್ಟು ಖರ್ಚು 61 ಸಾವಿರ. ಅದರಲ್ಲಿ ಚಾ, ಗೋಳಿಬಜೆಗೇ ಎಂಟು ಸಾವಿರ. ಇಡೀ ದೇಶಕ್ಕೆ ಅಂತ 2011ರ ಜನವರಿಯಲ್ಲಿ ಬೆಂಗಳೂರಿನಲ್ಲಿ ನೋಂದಣಿಯಾದ ವಿಕಿಮೀಡಿಯ ಚಾಪ್ಟರಿನ, ಅಂದರೆ ವಿಕಿಪೀಡಿಯ ನಡೆಸುವ ಸಂಸ್ಥೆ ಒಪ್ಪಿದ ದೇಶಮಟ್ಟದ ಸಂಘದ, ಮಾನ್ಯತೆಯೇ 2019ರಲ್ಲಿ ಹೋಯಿತು. ಕುಂಬಳೆಯ ನಾವು ಯಾವ ಲೆಕ್ಕ?

ಸೀಲ್ ಇಲ್ಲದವ
ಓದುಗರೇ, ಕಾರ್ಯದರ್ಶಿಗಳು ಹೇಳಿದ ಸಂಘದಲ್ಲಿ ನಾನೂ ಇದ್ದೆ. ಎರಡು ವರ್ಷದಲ್ಲಿ ಎಂಟು ಮಹಾಸಭೆ, ನಾಲ್ಕು ಪುಸ್ತಕ. ಹೊರಗೆ ಬಂದ ಮೇಲೆ ಮೂರು ಜನ ಸೇರಿ ನಲವತ್ತೊಂದು ಪುಸ್ತಕ ಮಾಡಿದ್ದೇವೆ. ಸೀಲ್ ಇಲ್ಲ, ಲೆಟರ್‌ಹೆಡ್ ಇಲ್ಲ.

ಒಪ್ಪಂದ ಅಂದರೆ ಒಂದೇ ಹಾಳೆ. ಪುಸ್ತಕ ಗ್ರಂಥಾಲಯದಿಂದ ಹೊರಗೆ ಹೋಗುವುದಿಲ್ಲ. ಹೊಲಿಗೆ ಬಿಚ್ಚುವುದಿಲ್ಲ. ಸ್ಕ್ಯಾನಿನ ಒಂದು ಪ್ರತಿ ಅವರಿಗೆ. ಅಷ್ಟೇ. ನಾಲ್ಕನೇ ಸಾಲು ಬರೆಯದೆ ನಾನು ಕೆಟ್ಟೆ, ಅದನ್ನೂ ಹೇಳುತ್ತೇನೆ. ಗ್ರಂಥಾಲಯದವರ ಹತ್ತಿರ ಇರುವುದು ಪುಸ್ತಕ ಮಾತ್ರ, ಅದರ ಹಕ್ಕಲ್ಲ. ಅಧ್ಯಕ್ಷರು "ಹಾಕಿ ಮಾರಾಯ್ರೇ" ಎಂದರು, ನಾನು ಹಾಕಿದೆ. ಆ ಲೇಖಕರು ತೀರಿಹೋದದ್ದು 1968ರಲ್ಲಿ. ತೀರಿದ ವರ್ಷ ಮುಗಿದ ಮೇಲೆ ಅರುವತ್ತು ವರ್ಷ ಹಕ್ಕು ಉಳಿಯುತ್ತದೆ. ಅಂದರೆ ಬಿಡುಗಡೆ 2029ರ ಜನವರಿ 1. ಸ್ಕ್ಯಾನ್ ಹಾಕುವ ವಿಕಿಯ ಭಂಡಾರ ಕಾಮನ್ಸ್‌ನಲ್ಲಿ ಯಾರೋ ಅಳಿಸಲು ಗುರುತು ಹಾಕಿದರು, ಒಂದು ವಾರದಲ್ಲಿ ಅಳಿಸಿ ಹೋಯಿತು. 312 ಪುಟ. ಮೇ ತಿಂಗಳ ಸೆಕೆಯಲ್ಲಿ, ಹಾಳೆ ಹಾರುತ್ತದೆ ಅಂತ ಫ್ಯಾನ್ ಹಾಕದೆ ತೆಗೆದ 312 ಪುಟ.

ಗೋವಿಂದ ಪೈಗಳದ್ದು ನೋಡಿ, ತೀರಿಹೋದದ್ದು 1963ರಲ್ಲಿ, 2024ರ ಜನವರಿಗೆ ಬಿಡುಗಡೆ. ಅಂಥವನ್ನು ಮೊದಲು ಹಿಡಿಯಿರಿ. ಕವಿ ಕಯ್ಯಾರ ಕಿಞ್ಞಣ್ಣ ರೈಗಳು 2015ರಲ್ಲಿ ತೀರಿಕೊಂಡವರು. ಅವರ ಪುಸ್ತಕಕ್ಕೆ ಕಾಯುತ್ತಾ ಕೂತರೆ ನಮ್ಮ ಮೊಮ್ಮಕ್ಕಳು ಸ್ಕ್ಯಾನ್ ಮಾಡಬೇಕು.

ಹಳೇ ಕಾರ್ಯದರ್ಶಿ, ಕುಂಬಳೆ
ನಾಲ್ಕು ಅಲ್ಲ, ಏಳು ಪುಸ್ತಕ. ಇನ್ನು ಹೊರಗೆ ಬರುವಾಗ ಕೈ ಬೀಸಿಕೊಂಡು ಬಂದೆ ಅನ್ನುವ ಹಾಗೆ ಬರೆದಿದ್ದೀರಿ. ಸಂಘದ ದುಡ್ಡಿನಲ್ಲಿ ತೆಗೆದ ಕ್ಯಾಮೆರಾ ಸ್ಟ್ಯಾಂಡು, ಎರಡು ದೀಪ ಎಲ್ಲಿ?

ಅಜ್ಜನ ಮೊಮ್ಮಗಳು, ನೀರ್ಚಾಲು
ಹಕ್ಕಿನ ಮಾತು ಬಂತಲ್ಲ, ನನ್ನದನ್ನೂ ಕೇಳಿ.

ನಿರಂಜನರ 55 ಪುಸ್ತಕ 2014ರಲ್ಲಿ ಮುಕ್ತ ಪರವಾನಗಿಗೆ, ಅಂದರೆ ಯಾರು ಬೇಕಾದರೂ ಕೇಳದೆ ಬಳಸುವ ಹಾಗೆ, ಬಂತು. ಮೈಸೂರು ವಿಶ್ವವಿದ್ಯಾನಿಲಯದ ವಿಶ್ವಕೋಶವೂ ಅದೇ ವರ್ಷ. ಇದನ್ನೆಲ್ಲ ಬಳಗದವರು ಬಂದು ನಮ್ಮ ಚಾವಡಿಯಲ್ಲಿ ಕೂತು ಹೇಳಿದರು. ನನಗೂ ಹುರುಪು ಬಂತು. ನನ್ನಜ್ಜ ಬರೆದದ್ದು ಆರು ಪುಸ್ತಕ. ನಾನೊಬ್ಬಳು ಹ್ಞೂಂ ಅಂದರೆ ಆಗುವುದಿಲ್ಲ, ವಾರಸುದಾರರು ಎಲ್ಲರೂ ಒಪ್ಪಬೇಕು. ಹನ್ನೊಂದು ಜನ! ಇಬ್ಬರು ಮುಂಬಯಿ, ಒಬ್ಬರು ಮಸ್ಕತ್, ಒಬ್ಬ ಚಿಕ್ಕಪ್ಪ ಮಾತು ಬಿಟ್ಟು ಹದಿನೆಂಟು ವರ್ಷ. ಆ ಚಿಕ್ಕಪ್ಪನ ಮನೆಗೆ ಮೂರು ಸಲ ಹೋದೆ. ಮೂರನೇ ಸಲ ಹಲಸಿನ ಹಪ್ಪಳ ಕಟ್ಟಿಕೊಟ್ಟರು, ಸಹಿ ಹಾಕಲಿಲ್ಲ. ಕೊನೆಗೆ ಚಿಕ್ಕಮ್ಮ ಹಾಕಿಸಿದರು. ಕೊರಿಯರ್, ನೋಟರಿ, ಬಸ್ಸು ಎಲ್ಲ ಸೇರಿ ನನ್ನ ಕೈಯಿಂದ 6,700 ಹೋಯಿತು.

ಆರು ತಿಂಗಳಲ್ಲಿ ಒಬ್ಬ ಪ್ರಕಾಶಕರು ಅದರಲ್ಲೊಂದು ಪುಸ್ತಕ ಅಚ್ಚು ಹಾಕಿ 180 ರೂಪಾಯಿಗೆ ಮಾರಿದರು. ಅಜ್ಜನ ಹೆಸರು ಇತ್ತು, ಪರವಾನಗಿಯ ಸಾಲೂ ಇತ್ತು. ತಪ್ಪೇನೂ ಇಲ್ಲ. ಆ ಪರವಾನಗಿಯಲ್ಲಿ ವ್ಯಾಪಾರಕ್ಕೂ ಬಳಸಬಹುದು, ಒಮ್ಮೆ ಕೊಟ್ಟದ್ದನ್ನು ವಾಪಸ್ ತೆಗೆಯುವ ಹಾಗಿಲ್ಲ. ಇದನ್ನು ಚಾವಡಿಯಲ್ಲಿ ಕೂತವರು ಹೇಳಿರಲಿಲ್ಲ. ಕಾಗದದಲ್ಲಿತ್ತು, ಬಾಯಲ್ಲಿ ಬರಲಿಲ್ಲ. ಈಗ ಮದುವೆ ಮನೆಗೆ ಹೋದರೆ "ಅಜ್ಜನನ್ನು ಪುಕ್ಕಟೆ ಕೊಟ್ಟವಳು" ಅಂತ ನನ್ನನ್ನು ತೋರಿಸುತ್ತಾರೆ. ಕೊಟ್ಟದ್ದಕ್ಕೆ ಬೇಸರ ಇಲ್ಲ. ಹೇಳದೆ ಇದ್ದದ್ದಕ್ಕೆ ಇದೆ.

ಸೀಲ್ ಇಲ್ಲದವ
ಅಕ್ಕಾ, ಆ ಚಾವಡಿಯಲ್ಲಿ ಕೂತವರಲ್ಲಿ ನಾನೊಬ್ಬ ಅಂತ ಈಗ ಗೊತ್ತಾಯಿತು. ಹಪ್ಪಳ ನಮಗೂ ಕೊಟ್ಟಿದ್ದಿರಿ. ಹೇಳಬೇಕಿತ್ತು, ಹೌದು.

ಪೆರ್ಲದ ಮಾಷ್ಟ್ರು
ಸದಸ್ಯರನ್ನು ಎಬ್ಬಿಸುವ ಬಗ್ಗೆ ಯಾರೂ ಬರೆಯಲಿಲ್ಲ. ನನ್ನ ಶಾಲೆಯಲ್ಲಿ ಸಂಪಾದನೋತ್ಸವ, ಅಂದರೆ ಎಲ್ಲರೂ ಒಟ್ಟಿಗೆ ಕೂತು ವಿಕಿಪೀಡಿಯಕ್ಕೆ ಬರೆಯುವುದು, ಮಾಡಿದೆ. ಮೂವತ್ತು ಮಕ್ಕಳು, ಒಂದೇ ಇಂಟರ್‌ನೆಟ್ ಸಂಪರ್ಕ. ಆರು ಖಾತೆ ಆಯಿತು, ಏಳನೆಯದಕ್ಕೆ ಬಾಗಿಲು ಮುಚ್ಚಿತು. ಒಂದು ಐಪಿಯಿಂದ, ಅಂದರೆ ಒಂದು ಇಂಟರ್‌ನೆಟ್ ವಿಳಾಸದಿಂದ, ದಿನಕ್ಕೆ ಆರೇ ಖಾತೆ ಅಂತ ನಿಯಮ. ಮೊದಲೇ ಕೇಳಿಕೊಂಡಿದ್ದರೆ ವಿನಾಯಿತಿ ಸಿಗುತ್ತಿತ್ತಂತೆ. ಉಳಿದ ಇಪ್ಪತ್ತನಾಲ್ಕು ಮಕ್ಕಳು ಬಿಸ್ಕೆಟ್ ತಿಂದು ಮನೆಗೆ ಹೋದರು. ಬಿಸ್ಕೆಟ್, ಶರಬತ್ತು 940 ರೂಪಾಯಿ.

ಬರೆದ ಆರು ಲೇಖನದಲ್ಲಿ ನಾಲ್ಕು ಪಠ್ಯಪುಸ್ತಕದ ನಕಲು, ಅಳಿಸಿದರು. ಒಂದು ಹುಡುಗಿ ಮಾತ್ರ ಯಕ್ಷಗಾನ ಕವಿ ಪಾರ್ತಿಸುಬ್ಬನ ಬಗ್ಗೆ ಎರಡು ಪ್ಯಾರಾ ತಾನೇ ಬರೆದಿದ್ದಳು. ಈಗ ವಿಕಿಸೋರ್ಸ್‌ನಲ್ಲಿ ದಿನಾ ಎರಡು ಪುಟ ತಿದ್ದುತ್ತಾಳೆ.

ಅಲ್ಲೊಂದು ಒಳ್ಳೆ ಪದ್ಧತಿ ಉಂಟು. ಒಬ್ಬರು ತಿದ್ದಿದ ಪುಟ ಹಳದಿ ಆಗುತ್ತದೆ. ಹಸಿರು ಮಾಡಲು ಇನ್ನೊಬ್ಬರೇ ಬೇಕು, ತಾನೇ ಮಾಡಿಕೊಳ್ಳುವ ಹಾಗಿಲ್ಲ. ಹಾಗಾಗಿ ಅವಳು ಸಂಜೆ ನನಗೆ ಫೋನ್ ಮಾಡುತ್ತಾಳೆ, "ಸಾರ್, ನನ್ನ ಹಳದಿ ಹಾಗೇ ಉಂಟು". ಬೈಲಾ ಇಲ್ಲದೆ ನಾನು ಸಕ್ರಿಯ ಸದಸ್ಯ ಆದದ್ದು ಹೀಗೆ.

ಬೆಂಗಳೂರು ಸೇರಿದವ
ಗೋವಿಂದ ಪೈಗಳ ಲೆಕ್ಕ ಅರ್ಧ ಸರಿ. ಕಾಮನ್ಸ್‌ಗೆ ಭಾರತದ ಅರುವತ್ತು ವರ್ಷ ಮಾತ್ರ ಸಾಲದು. ಸರ್ವರ್ ಅಮೆರಿಕದಲ್ಲಿದೆ, ಅಲ್ಲಿನ ಹಕ್ಕೂ ಮುಗಿದಿರಬೇಕು. 1996ರ ಜನವರಿ 1ರಂದು ಭಾರತದಲ್ಲಿ ಹಕ್ಕು ಉಳಿದಿದ್ದ ಪುಸ್ತಕಕ್ಕೆ ಅಲ್ಲಿ ಪ್ರಕಟವಾದ ವರ್ಷದಿಂದ 95 ವರ್ಷ ಹಿಡಿಯುತ್ತಾರೆ. ಪೈಗಳು 1940ರಲ್ಲೋ 1950ರಲ್ಲೋ ಅಚ್ಚು ಹಾಕಿಸಿದ್ದನ್ನು ಸುಮ್ನೆ ಅಲ್ಲಿಗೆ ಹಾಕಿದರೆ ಮತ್ತೆ ಅಳಿಸುತ್ತಾರೆ. ತರಬೇತಿಗೆ ಬಂದಿದ್ದರೆ ಇದು ಗೊತ್ತಾಗುತ್ತಿತ್ತು.

ಸೀಲ್ ಇಲ್ಲದವ
ಮಂಜೇಶ್ವರದ ಕವಿ, ಮಂಗಳೂರಿನ ಅಚ್ಚು, ಬದಿಯಡ್ಕದ ಕಪಾಟು. ನಡುವೆ ಅಮೆರಿಕ! ತರಬೇತಿ ಯಾವಾಗಲೂ ಬೆಂಗಳೂರಿನಲ್ಲಿ, ಅದೂ ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ. ಗಡಿನಾಡಿನವರು ಶುಕ್ರವಾರ ರಾತ್ರಿ ಬಸ್ಸಿನಲ್ಲಿ ಕಾಲು ಬೀಗಿಸಿಕೊಂಡು ಬರಬೇಕು. ನಾನೊಮ್ಮೆ ಬಂದೆ. ಟಿಕೆಟ್ ಹಣ ಐದು ತಿಂಗಳಾದ ಮೇಲೆ ಬಂತು, ಅದೂ ಮೂಲ ಟಿಕೆಟ್ ಕಳಿಸಿ ಅಂತ ಮೂರು ಮಿಂಚಂಚೆ ಆದ ಮೇಲೆ.

ಬೆಂಗಳೂರು ಸೇರಿದವ
ನಾನೂ ಉಪ್ಪಳದವನೇ. ಬೈಯುವುದಾದರೆ ಕಾನೂನನ್ನು ಬೈಯಿರಿ, ನನ್ನನ್ನಲ್ಲ. ಮತ್ತೆ, ಕಾಸರಗೋಡಿನವರು ಕನ್ನಡಕ್ಕೆ ಸಿಗುವುದೇ ಕಡಿಮೆ. 2016ರಲ್ಲಿ ತುಳು ವಿಕಿಪೀಡಿಯ ಶುರುವಾದ ಮೇಲೆ ಒಳ್ಳೆಯವರು ಅರ್ಧ ಜನ ಅಲ್ಲಿಗೆ ಹೋದರು.

ಪೆರ್ಲದ ಮಾಷ್ಟ್ರು
ಹೋದದ್ದಲ್ಲ, ಎರಡೂ ಕಡೆ ಬರೆಯುತ್ತೇವೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ. ನಿಮಗೆ ಒಂದೇ ಭಾಷೆಯ ಲೆಕ್ಕ ಇರಬಹುದು.

ನಕ್ಷೆಯವ, ವರ್ಕಾಡಿ
ಭಾಷೆ ಮಾತು ಬಂತಾದ್ದರಿಂದ ಒಂದು ಹೇಳುತ್ತೇನೆ. ಯಾರು ಬೇಕಾದರೂ ತಿದ್ದಬಹುದಾದ ಅಂತರಜಾಲ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ನಮ್ಮ ಊರುಗಳಿಗೆ ಕನ್ನಡ ಹೆಸರು ಹಾಕಲು ಬೇರೆಯೇ ಜಾಗ ಉಂಟು. ಮಲಯಾಳ ಹೆಸರನ್ನು ಮುಟ್ಟದೆ ಕನ್ನಡದ್ದು ಸೇರಿಸಬಹುದು. ಮಂಜೇಶ್ವರವಾ ಮಂಜೇಶ್ವರಂ ಆ ಅಂತ ಕಿತ್ತಾಡುವುದೇ ಬೇಡ. ನಾನು ಒಬ್ಬನೇ ಕೂತು 140 ಹೆಸರು ಸೇರಿಸಿದೆ. ಸಂಘದವರಿಗೆ ಹೇಳಿದರೆ "ಮುಂದಿನ ಸಭೆಯ ವಿಷಯಸೂಚಿಗೆ ಹಾಕುತ್ತೇವೆ" ಎಂದರು.

ಹಳೇ ಕಾರ್ಯದರ್ಶಿ, ಕುಂಬಳೆ
ಹಾಕಿದ್ದೆ. ಆ ಸಭೆಗೆ ಕೋರಂ ಆಗಲಿಲ್ಲ. ನೀವೂ ಬರಲಿಲ್ಲ.

ನಕ್ಷೆಯವ, ವರ್ಕಾಡಿ
ಅವತ್ತು ಕುಂಬಳೆಗೆ ಬಸ್ಸೇ ಇರಲಿಲ್ಲ, ಹರತಾಳ.

ಬದಿಯಡ್ಕದ ಓದುಗ
ಎಲ್ಲರಿಗೂ ಧನ್ಯವಾದ. ಗ್ರಂಥಾಲಯದವರು ನಾಡಿದ್ದು ಭಾನುವಾರ ಬನ್ನಿ ಎಂದಿದ್ದಾರೆ. ಸದ್ಯ ಒಂದು ಹಾಳೆಯ ಒಪ್ಪಂದ ಬರೆಯುತ್ತೇನೆ, ಹಕ್ಕಿನ ಸಾಲು ಸೇರಿಸಿ. ಪುಸ್ತಕದ ಪಟ್ಟಿಯಲ್ಲಿ ಲೇಖಕರು ತೀರಿದ ವರ್ಷ, ಅಚ್ಚಾದ ವರ್ಷ ಎರಡೂ ಬರೆಯುತ್ತೇನೆ. ಆದರೆ ಸ್ಕ್ಯಾನ್ ಮಾಡಲು ನಮ್ಮಲ್ಲಿ ಏನೂ ಇಲ್ಲ, ಫೋನ್ ಮಾತ್ರ.

ಸೀಲ್ ಇಲ್ಲದವ
ಸ್ಟ್ಯಾಂಡು, ದೀಪ ನನ್ನ ಮನೆಯ ಅಟ್ಟದಲ್ಲಿದೆ. ಒಂದು ದೀಪ ಸುಟ್ಟಿದೆ. ಪುಟ ಒತ್ತಿ ಹಿಡಿಯುವ ಗಾಜು ಕಾರ್ಯದರ್ಶಿಗಳ ಹತ್ತಿರ ಉಂಟು, ಕೇಳಿ ನೋಡಿ.

ಹಳೇ ಕಾರ್ಯದರ್ಶಿ, ಕುಂಬಳೆ
ಗಾಜು ಉಂಟು. ಸಂಘದ ಆಸ್ತಿ ಪಟ್ಟಿಯಲ್ಲಿ ಇದೆ, ಹಾಗಾಗಿ ಒಂದು ರಸೀದಿ ಬರೆದುಕೊಡಬೇಕಾಗುತ್ತದೆ. ಭಾನುವಾರ ಬದಿಯಡ್ಕಕ್ಕೆ ನಾನೇ ತರುತ್ತೇನೆ. ಬಸ್ಸಿನಲ್ಲಿ ಆಗುವುದಿಲ್ಲ, ಆಟೋ ಬಾಡಿಗೆ ಯಾರು ಕೊಡುವುದು ಅಂತ ಮೊದಲೇ ಹೇಳಿ.