ಟೈಮಿಂಗ್ ಬೆಲ್ಟ್ ತುಂಡಾಗಿದೆ: ಹೆಡ್ ರಿಪೇರಿ ಸಾಕಾ, ಎಂಜಿನ್ನೇ ಬದಲಿಸ್ಬೇಕಾ?

ಹಳೇಗಾಡಿ:
ನಿನ್ನೆ ನಾಲ್ಕನೇ ಗೇರಲ್ಲಿ ಆರಾಮಾಗಿ ಹೋಗ್ತಿದ್ದೆ. ಬಾನೆಟ್ ಒಳಗೆ 'ಟಪ್' ಅಂತ ಒಂದು ಸದ್ದು ಬಂತು, ಎಂಜಿನ್ ಆಫ್. ಸ್ಟೀರಿಂಗ್ ಕಲ್ಲಿನ ಹಾಗೆ ಗಟ್ಟಿಯಾಯ್ತು. ಬದಿಗೆ ಹಾಕಿ ಮೂರು ಸಲ ಸೆಲ್ಫ್ ಹೊಡೆದೆ. ಮಾಮೂಲಿ 'ಗರ್ರ್ ಗರ್ರ್' ಇಲ್ಲ, ಹೊಲಿಗೆ ಮೆಷಿನ್ ಖಾಲಿ ಓಡಿಸಿದ ಹಾಗೆ ಒಂದೇ ಸಮ ತಿರುಗ್ತು.

ಪೆಟ್ರೋಲ್ ಗಾಡಿ, 4 ಸಿಲಿಂಡರ್, 16 ವಾಲ್ವ್. ವಯಸ್ಸು 8 ವರ್ಷ, ಓಡಿರೋದು 74,000 ಕಿ.ಮೀ. ಪುಸ್ತಕದಲ್ಲಿ ಬೆಲ್ಟ್ ಬದಲಿಸೋಕೆ '1,00,000 ಕಿ.ಮೀ. ಅಥವಾ 6 ವರ್ಷ, ಯಾವುದು ಮೊದಲೋ ಅದು' ಅಂತಿದೆ. ನಾನು ಕಿ.ಮೀ. ಮಾತ್ರ ನೋಡ್ಕೊಂಡು ಕೂತಿದ್ದೆ. ಮೆಕ್ಯಾನಿಕ್ ಮೇಲಿನ ಕವರ್ ಬಿಚ್ಚಿ, ಬೆಲ್ಟ್ ನೋಡಿ, "ವಾಲ್ವೆಲ್ಲ ಹೋಗಿರುತ್ತೆ, ಸೆಕೆಂಡ್ ಹ್ಯಾಂಡ್ ಎಂಜಿನ್ ಹಾಕಿಬಿಡೋಣ" ಅಂದ್ರು. ಅವರು ಹೇಳಿದ ಮೊತ್ತ ಗಾಡಿ ಬೆಲೆಯ ಹತ್ತಿರತ್ತಿರ ಅರ್ಧ. ಒಪ್ಪಿಕೊಳ್ಳಲಾ?

ಸ್ಪಾನರ್_17:
ಮೊದಲು ಸೆಲ್ಫ್ ಹೊಡೆಯೋದು ನಿಲ್ಲಿಸಿ, ಇನ್ನೊಂದು ಸಲವೂ ಬೇಡ. ಟೈಮಿಂಗ್ ಬೆಲ್ಟ್ ಕ್ರ್ಯಾಂಕನ್ನ (ಪಿಸ್ಟನ್‌ಗಳು ತಿರುಗಿಸೋ ದಂಡ) ಕ್ಯಾಮಿಗೆ (ವಾಲ್ವ್ ತೆರೆದು ಮುಚ್ಚೋ ದಂಡ) ಜೋಡಿಸುತ್ತೆ. ಅದು ಹೋದಾಗ ಕ್ಯಾಮ್ ನಿಂತಲ್ಲೇ ನಿಲ್ಲುತ್ತೆ, ಕ್ರ್ಯಾಂಕ್ ಮಾತ್ರ ತಿರುಗುತ್ತೆ. ತೆರೆದೇ ಉಳಿದ ವಾಲ್ವಿಗೆ ಪಿಸ್ಟನ್ ಕೆಳಗಿನಿಂದ ಬಂದು ಗುದ್ದುತ್ತೆ. ನೀವು ಕೇಳಿದ ಆ ಖಾಲಿ ಸದ್ದು ಕಂಪ್ರೆಷನ್ (ಸಿಲಿಂಡರ್ ಒಳಗಿನ ಗಾಳಿ ಒತ್ತಡ) ಇಲ್ಲದ ಸದ್ದು.

ಎಂಜಿನ್ ಬದಲಿಸೋ ಮಾತು ಈಗಲೇ ಬೇಡ. ಅವರು ನೋಡಿರೋದು ಬೆಲ್ಟನ್ನ, ವಾಲ್ವನ್ನಲ್ಲ.

ರಸ್ತೆರಾಜ:
ನನ್ನ ಹಳೇ ಗಾಡೀಲೂ ಹೀಗೇ ಆಗಿತ್ತು. ಬರೀ ಬೆಲ್ಟ್ ಹಾಕಿಸಿದೆ, ಓಡ್ತು. ಸುಮ್ನೆ ಹೆದರಿಸ್ತಾರೆ ಬಿಡಿ.

ಸ್ಪಾನರ್_17:
ರಾಜಣ್ಣ, ನಿಮ್ಮದು ನಾನ್-ಇಂಟರ್‌ಫಿಯರೆನ್ಸ್ ಎಂಜಿನ್ ಆಗಿತ್ತು. ಅದರಲ್ಲಿ ವಾಲ್ವ್ ಪೂರ್ತಿ ತೆರೆದಿದ್ರೂ ಪಿಸ್ಟನ್‌ಗೆ ತಾಗಲ್ಲ. ಟೊಯೋಟಾದ 4ಎ-ಎಫ್‌ಇ ಅಂಥದ್ದೇ ಜಾತಿ. ಈಗಿನ ಬಹುಪಾಲು ಎಂಜಿನ್‌ಗಳಲ್ಲಿ ಆ ಸಂದು ಇರಲ್ಲ, ಡೀಸೆಲ್‌ನಲ್ಲಂತೂ ಕೇಳಲೇಬೇಡಿ. ನಿಮ್ಮ ಅದೃಷ್ಟ ಇವರಿಗೂ ಇರುತ್ತೆ ಅಂತ ಭಾವಿಸಿ ಸ್ಟಾರ್ಟ್ ಮಾಡಿದ್ರೆ, ಬೆಂಡಾದ ವಾಲ್ವಿನ ತಲೆ ಮುರಿದು ಸಿಲಿಂಡರ್ ಒಳಗೆ ಬೀಳಬಹುದು. ಆಗ ನಿಜವಾಗ್ಲೂ ಎಂಜಿನ್ ಬದಲಿಸಬೇಕಾಗುತ್ತೆ.

ಹಳೇಗಾಡಿ ಅವರೇ, ಮೆಕ್ಯಾನಿಕ್ ಹತ್ರ ಹೀಗೆ ಮಾಡಿಸಿ. ನಾಲ್ಕೂ ಪ್ಲಗ್ ಬಿಚ್ಚಿ, ತೂತಿಗೆ ಉದ್ದನೆಯ ತೆಳು ಕಡ್ಡಿ ಇಳಿಸಿ. ಕ್ರ್ಯಾಂಕನ್ನ ಕೈಯಲ್ಲಿ ನಿಧಾನಕ್ಕೆ ತಿರುಗಿಸಿ ನಾಲ್ಕೂ ಕಡ್ಡಿ ಒಂದೇ ಎತ್ತರಕ್ಕೆ ತನ್ನಿ. ಆಗ ಎಲ್ಲಾ ಪಿಸ್ಟನ್ ನಡುಮಧ್ಯ ಇರುತ್ತೆ, ಕ್ಯಾಮನ್ನ ಧೈರ್ಯವಾಗಿ ಮಾರ್ಕಿಗೆ (ಟೈಮಿಂಗ್ ಹೊಂದಿಸೋ ಗುರುತು) ತಿರುಗಿಸಬಹುದು. ಆಮೇಲೆ ಕ್ರ್ಯಾಂಕನ್ನೂ ಮಾರ್ಕಿಗೆ ತಂದು ಬೆಲ್ಟ್ ಕೂರಿಸಿ, ಸ್ಪಾನರಲ್ಲಿ ಎರಡು ಪೂರ್ತಿ ಸುತ್ತು. ಎರಡು ಯಾಕೆ ಅಂದ್ರೆ ಕ್ರ್ಯಾಂಕ್ ಎರಡು ಸುತ್ತು ಹೋದ್ರೇ ಕ್ಯಾಮ್ ಒಂದು ಸುತ್ತು. ಎಲ್ಲಾದ್ರೂ ಗಟ್ಟಿಯಾಗಿ ತಡೆದ್ರೆ ಬಲ ಹಾಕ್ಬೇಡಿ.

ಸಲೀಸಾಗಿ ತಿರುಗಿದ್ರೆ ಲೀಕ್-ಡೌನ್ ಟೆಸ್ಟ್, ಅಂದ್ರೆ ಗಾಳಿ ಎಲ್ಲಿ ಸೋರುತ್ತೆ ಅಂತ ನೋಡೋದು. ಒಂದೊಂದು ಸಿಲಿಂಡರನ್ನೂ ಕಂಪ್ರೆಷನ್ ಟಿಡಿಸಿಗೆ (ವಾಲ್ವೆಲ್ಲ ಮುಚ್ಚಿ, ಪಿಸ್ಟನ್ ತುತ್ತತುದೀಲಿರೋ ಜಾಗ) ತಂದು, ಪ್ಲಗ್ ತೂತಿನಿಂದ ಗಾಳಿ ಬಿಟ್ಟು ಕಿವಿಗೊಟ್ಟು ಕೇಳಿ. ಥ್ರಾಟಲ್ (ಎಂಜಿನ್ ಒಳಗೆ ಗಾಳಿ ಹೋಗೋ ಬಾಯಿ) ಕಡೆ 'ಸುಸ್' ಅಂದ್ರೆ ಇನ್‌ಟೇಕ್ ವಾಲ್ವ್, ಸೈಲೆನ್ಸರಲ್ಲಿ ಬಂದ್ರೆ ಎಕ್ಸಾಸ್ಟ್, ಆಯಿಲ್ ಹಾಕೋ ಬಾಯಲ್ಲಿ ಜೋರಾಗಿ ಬಂದ್ರೆ ಪಿಸ್ಟನ್ ಅಥವಾ ರಿಂಗ್. ಈ ಕೊನೇದು ಇದ್ರೆ ಮಾತ್ರ ಎಂಜಿನ್ ಬದಲಿಸೋ ಯೋಚನೆ ಮಾಡಿ.

ಲೇತ್‌ಮನೆ:
ಖರ್ಚಿನ ಬಗ್ಗೆ ನಾನು ಹೇಳ್ತೀನಿ, ಹೆಡ್ (ಸಿಲಿಂಡರ್ ಮೇಲಿನ, ವಾಲ್ವ್ ಕೂರೋ ಭಾಗ) ಕೆಲಸವೇ ನಮ್ಮ ಕಸುಬು. ವಾಲ್ವ್ ಒಂದೊಂದರ ಬೆಲೆ ನಿಮ್ಮನ್ನ ಮುಳುಗಿಸಲ್ಲ, ಮುಳುಗಿಸೋದು ಹೆಡ್ ಇಳಿಸಿ ಏರಿಸೋ ಕೂಲಿ. ಆದ್ದರಿಂದ ಹೆಡ್ ಒಮ್ಮೆ ಕೆಳಗೆ ಬಂದ ಮೇಲೆ ಚಿಲ್ಲರೆ ಉಳಿಸೋಕೆ ಹೋಗ್ಬೇಡಿ. ಬೆಂಡಾದ ವಾಲ್ವ್ ತಾನು ಜಾರೋ ಕೊಳವೆಯಾದ ಗೈಡನ್ನೂ ಕೆಡಿಸಿರಬಹುದು, ಚೆಕ್ ಮಾಡಿಸಿ. ಸ್ಟೆಮ್ ಸೀಲ್ (ವಾಲ್ವಿನ ಕಡ್ಡಿ ಬದಿಯಿಂದ ಎಣ್ಣೆ ಇಳಿಯದಂತೆ ತಡೆಯೋದು) ಪೂರ್ತಿ ಸೆಟ್, ಗ್ಯಾಸ್ಕೆಟ್, ಹೆಡ್ ಬೋಲ್ಟ್ ಹೊಸದು. ಬಿಗಿದಾಗ ಎಳೆದು ಉದ್ದವಾಗೋ ಜಾತಿಯ ಬೋಲ್ಟನ್ನ ಎರಡನೇ ಸಲ ಬಳಸಬಾರದು. ಕೊನೆಗೆ ಹೆಡ್ ತಲೆಕೆಳಗೆ ಇಟ್ಟು ಚೇಂಬರಿಗೆ ಪೆಟ್ರೋಲ್ ಸುರಿದು, ವಾಲ್ವ್ ಹಿಂದಿನ ಪೋರ್ಟಲ್ಲಿ (ಗಾಳಿ ದಾರಿ) ತೇವ ಬರಲ್ಲ ಅಂತ ನಿಮ್ಮ ಕಣ್ಣೆದುರೇ ತೋರಿಸೋಕೆ ಹೇಳಿ. ಹಳೇ ಎಂಜಿನ್ ತಂದ್ರೂ ಅದರ ಬೆಲ್ಟ್ ಎಷ್ಟು ವರ್ಷದ್ದು ಅಂತ ಯಾರಿಗೂ ಗೊತ್ತಿರಲ್ಲ, ಅದಕ್ಕೂ ಹೊಸ ಬೆಲ್ಟ್ ಕಿಟ್ ಹಾಕಲೇಬೇಕು. ಈ ಖರ್ಚು ಕೊಟೇಶನ್‌ನಲ್ಲಿ ಸೇರಿದೆಯಾ ಕೇಳಿ.

ಹಳೇಗಾಡಿ:
ಟೆಸ್ಟ್ ಆಯ್ತು. 1 ಮತ್ತು 3ನೇ ಸಿಲಿಂಡರ್ ಚೆನ್ನಾಗಿದೆ. 2ರಲ್ಲಿ ಸೈಲೆನ್ಸರ್ ಕಡೆ, 4ರಲ್ಲಿ ಥ್ರಾಟಲ್ ಕಡೆ ಗಾಳಿ. ಆಯಿಲ್ ಬಾಯಲ್ಲಿ ಏನೂ ಇಲ್ಲ. ಹೆಡ್ ಬಿಚ್ಚಿದಾಗ ಬೆಂಡಾಗಿದ್ದು ನಾಲ್ಕೇ ವಾಲ್ವ್. ಪಿಸ್ಟನ್ ತಲೆ ಮೇಲೆ ಉಗುರಲ್ಲಿ ಒತ್ತಿದ ಹಾಗೆ ಅರ್ಧಚಂದ್ರದ ಗುರುತು, ಅಷ್ಟೇ. ಹೊಸ ಅಂದಾಜು ಎಂಜಿನ್‌ಗೆ ಹೇಳಿದ್ದರ ಅರ್ಧಕ್ಕಿಂತ ಸ್ವಲ್ಪ ಮೇಲೆ.

ಸ್ಪಾನರ್_17:
ಲೆಕ್ಕ ಸರಿಹೋಯ್ತು. 2ನೇ ಸಿಲಿಂಡರಿನ ಎಕ್ಸಾಸ್ಟ್ ವಾಲ್ವ್, 4ನೇದರ ಇನ್‌ಟೇಕ್ ವಾಲ್ವ್ ತೆರೆದಿದ್ದಾಗ ಕ್ಯಾಮ್ ನಿಂತಿದೆ. ಆ ಹಳೇ ಬೆಲ್ಟ್ ಎಸೀಬೇಡಿ. ಹೇಗೆ ಹೋಗಿದೆ?

ಹಳೇಗಾಡಿ:
ತುಂಡಾಗಿದೆ, ಜೊತೆಗೆ ಎರಡು ಬೆರಳಗಲ ಹಲ್ಲೇ ಇಲ್ಲ. ಮುಟ್ಟಿದ್ರೆ ಕೈಗೆ ಕಪ್ಪು ಜಿಡ್ಡು ಅಂಟುತ್ತೆ.

ಸ್ಪಾನರ್_17:
ಹಾಗಿದ್ರೆ ವಯಸ್ಸೊಂದೇ ಕಾರಣ ಅಲ್ಲ. ಕ್ರ್ಯಾಂಕ್ ಸೀಲೋ ಕ್ಯಾಮ್ ಸೀಲೋ ಎಣ್ಣೆ ಸೋರಿಸ್ತಿದೆ, ಎಣ್ಣೆ ಕುಡಿದ ರಬ್ಬರ್ ಉಬ್ಬಿ ಮೆತ್ತಗಾಗುತ್ತೆ. ಸೀಲ್ ಬದಲಿಸದೆ ಹೊಸ ಬೆಲ್ಟ್ ಹಾಕಿದ್ರೆ ಅದೂ ಅದೇ ದಾರಿ ಹಿಡಿಯುತ್ತೆ. ಬೆಲ್ಟ್ ಬಿಗಿ ಹಿಡಿಯೋ ಟೆನ್ಷನರ್, ಅದಕ್ಕೆ ದಾರಿ ಕೊಡೋ ಐಡ್ಲರ್ ಕಿಟ್ಟಲ್ಲೇ ಬರುತ್ತೆ. ವಾಟರ್ ಪಂಪ್ ಇದೇ ಬೆಲ್ಟಲ್ಲಿ ತಿರುಗೋದಾದ್ರೆ ಅದನ್ನೂ ಈಗಲೇ ಹಾಕಿಸಿ.

ಹಳೇಗಾಡಿ:
ಕ್ರ್ಯಾಂಕ್ ಸೀಲೇ, ಪುಲ್ಲಿ ಹಿಂದೆ ಒದ್ದೆ ಇತ್ತು. ಸೀಲು, ಪಂಪು, ಕಿಟ್ಟು ಮೂರಕ್ಕೂ ಹೂಂ ಅಂದೆ. ಟೈಮಿಂಗ್ ಕವರ್ ಮೇಲೆ ದಪ್ಪ ಮಾರ್ಕರಲ್ಲಿ 74,000 ಅಂತ ಬರೆಸ್ತಿದ್ದೀನಿ, ಅದರ ಕೆಳಗೆ ತಿಂಗಳು ಮತ್ತು ವರ್ಷ ಇನ್ನೂ ದೊಡ್ಡದಾಗಿ.