ಬ್ರೇಸಸ್‌ನಲ್ಲಿ ಬೇರು ಗಿಡ್ಡವಾಗುವುದನ್ನು ಮೊದಲೇ ಅಂದಾಜಿಸಬಹುದೇ?

ದಂತಸಾಲು:
ಮೇಲ್ದವಡೆಯ ಎರಡೂ ಕಡೆ ಮೊದಲ ಪ್ರೀಮೋಲಾರ್ (ಕೋರೆಹಲ್ಲಿನ ಹಿಂದಿನ ಹಲ್ಲು) ತೆಗೆದು, ಮುಂದೆ ಚಾಚಿದ ಬಾಚಿಹಲ್ಲುಗಳನ್ನು ಹಿಂದಕ್ಕೆ ತರುವ ಪ್ಲಾನ್. ಒಪಿಜಿಯಲ್ಲಿ (ಇಡೀ ಬಾಯಿಯ ಎಕ್ಸ್‌ರೇ) ಲ್ಯಾಟರಲ್‌ಗಳ (ನಡುವಿನ ಎರಡರ ಪಕ್ಕದ ಬಾಚಿಹಲ್ಲು) ಬೇರಿನ ತುದಿ ಪಿಪೆಟ್ ಮೂತಿಯಷ್ಟು ಸಪೂರ. ಬೇರು ಎಷ್ಟು ಸವೆಯಬಹುದು ಅಂತ ಶುರುವಿನಲ್ಲೇ ಹೇಳುವ ಲೆಕ್ಕ ಏನಾದರೂ ಇದೆಯಾ? ಒಪಿಜಿ ಸಾಕಾ?

ಟಾರ್ಕ್‌ಕೀಲಿ:
ಇಷ್ಟು ಮಿಲಿಮೀಟರ್ ಅಂತ ಹೇಳುವ ಸೂತ್ರ ಇಲ್ಲ. ಯಾರ ಮೇಲೆ ಹೆಚ್ಚು ಕಣ್ಣಿಡಬೇಕು ಅಂತ ಆರಿಸಿಕೊಳ್ಳಬಹುದು, ಅಷ್ಟೆ. ಹೆಚ್ಚಿನವರಲ್ಲಿ ಸವೆತ 2 ಮಿ.ಮೀ. ಒಳಗೇ ನಿಲ್ಲುತ್ತದೆ, 4 ಮಿ.ಮೀ. ದಾಟುವುದು ಅಥವಾ ಬೇರಿನ ಮೂರನೇ ಒಂದು ಭಾಗ ಹೋಗುವುದು ಸುಮಾರು 1–5% ಜನರಲ್ಲಿ.

ನಿಮ್ಮ ಕೇಸಲ್ಲಿ ಸಪೂರ ತುದಿಗಿಂತ ನನಗೆ ಚಿಂತೆ ತುದಿ ಎಷ್ಟು ದೂರ ಸರಿಯಬೇಕು ಅನ್ನುವುದು. ಲ್ಯಾಟರಲ್ ಸೆಫ್ (ತಲೆಯ ಪಕ್ಕನೋಟದ ಎಕ್ಸ್‌ರೇ) ಮೇಲೆ ಅದನ್ನು ಗುರುತು ಹಾಕಿ ಅಳೆಯಿರಿ. ಕಿರೀಟ (ಹಲ್ಲಿನ ಹೊರಗೆ ಕಾಣುವ ಭಾಗ) ಮೊದಲು ವಾಲಿ ಹಿಂದೆ ಬಂದು, ಆಮೇಲೆ ಟಾರ್ಕ್ (ಬೇರನ್ನು ಓರೆಯಾಗಿ ತಿರುಗಿಸುವ ಬಲ) ಕೊಟ್ಟು ಬೇರು ತಂದರೆ ತುದಿ ಅಂಗುಳದ ಕಡೆಯ ಗಟ್ಟಿ ಮೂಳೆಗೆ ಒತ್ತುತ್ತದೆ. ಅದರ ಜತೆ ಇಂಟ್ರೂಷನ್ನೂ (ಹಲ್ಲನ್ನು ಮೂಳೆಯೊಳಕ್ಕೆ ಒತ್ತುವುದು) ಸೇರಿದರೆ ಅಪಾಯ ಹೆಚ್ಚು. ಹಿಂದೆ ಹಲ್ಲಿಗೆ ಪೆಟ್ಟು ಬಿದ್ದಿತ್ತಾ ಅಂತಲೂ ಕೇಳಿ.

ಒತ್ತಡದಿಂದ ರಕ್ತ ಓಡದೆ ಸತ್ತ ಪಿಡಿಎಲ್ (ಬೇರನ್ನು ಮೂಳೆಗೆ ಹಿಡಿದಿಡುವ ನಾರು) ಅನ್ನು ತೆಗೆಯಲು ಬರುವ ಕೋಶಗಳು ಪಕ್ಕದ ಸಿಮೆಂಟಮ್ (ಬೇರಿನ ಹೊರಪದರ) ಅನ್ನೂ ಕೆರೆಯುತ್ತವೆ. ಬೇರಿನ ಮೈಮೇಲಿನ ಗುಳಿಗಳು ಮತ್ತೆ ತುಂಬಿಕೊಳ್ಳುತ್ತವೆ, ತುದಿ ಹೋದರೆ ಹೋಯಿತು.

ಫಿಲ್ಮ್‌ಹೋಲ್ಡರ್:
ಒಪಿಜಿ ಸಾಲದು. ಮುಂದಿನ ಹಲ್ಲು ಫೋಕಲ್ ಟ್ರಫ್‌ನಿಂದ (ಒಪಿಜಿಯಲ್ಲಿ ಸ್ಪಷ್ಟವಾಗಿ ಮೂಡುವ ಪಟ್ಟಿ) ಸ್ವಲ್ಪ ಆಚೀಚೆ ಆದರೂ ತುದಿ ಮಸುಕು. ಹೋಲ್ಡರ್ ಹಾಕಿ, ಪ್ಯಾರಲಲಿಂಗ್ ವಿಧಾನದಲ್ಲಿ (ಫಿಲ್ಮ್ ಹಲ್ಲಿಗೆ ಸಮಾನಾಂತರ) ಐಓಪಿಎ, ಅಂದರೆ ಬಾಯೊಳಗೆ ಇಡುವ ಚಿಕ್ಕ ಎಕ್ಸ್‌ರೇ, ತೆಗೆಯಿರಿ. ಶುರುವಿನಲ್ಲಿ ಒಮ್ಮೆ, 6ರಿಂದ 9 ತಿಂಗಳಲ್ಲಿ ಇನ್ನೊಮ್ಮೆ.

ಹೋಲಿಸುವಾಗ, ಸವೆಯದ ಕಿರೀಟದ ಉದ್ದದಿಂದ ಸರಿಪಡಿಸಿ. ಮೊದಲ ಫಿಲ್ಮಿನಲ್ಲಿ ಕಿರೀಟ 10, ಬೇರು 15 ಮಿ.ಮೀ.; ಎರಡನೆಯದರಲ್ಲಿ 9.5, 13 ಅಂದುಕೊಳ್ಳಿ. 13 × (10 ÷ 9.5) = 13.7. ಅಂದರೆ ಸವೆತ 1.3, ಮೇಲ್ನೋಟಕ್ಕೆ ಕಂಡ 2 ಅಲ್ಲ. ಆದರೆ ಹಲ್ಲಿನ ವಾಲು ತುಂಬಾ ಬದಲಾಗಿದ್ದರೆ, ಅಥವಾ ಕಿರೀಟದ ಅಂಚು ಉಜ್ಜಿದ್ದರೆ ಈ ಲೆಕ್ಕವೂ ಕೈಕೊಡುತ್ತದೆ.

ದಂತಸಾಲು:
ಆ ಎರಡನೇ ಫಿಲ್ಮಲ್ಲಿ ಸವೆತ ಕಂಡರೆ? ಒಂದು ಸೆಂಟ್ರಲ್‌ಗೆ (ನಡುವಿನ ಬಾಚಿಹಲ್ಲು) ರೂಟ್ ಕೆನಾಲ್ ಕೂಡ ಆಗಿದೆ.

ಟಾರ್ಕ್‌ಕೀಲಿ:
ರೂಟ್ ಕೆನಾಲ್ ಸರಿಯಾಗಿ ಆಗಿದ್ದರೆ ಅದರಿಂದ ಹೆಚ್ಚು ಸವೆಯುವುದಿಲ್ಲ, ಬಿಡಿ.

ನಿಜ ಹೇಳಬೇಕೆಂದರೆ, ಶುರುವಿನ ಯಾವ ಲಕ್ಷಣಕ್ಕಿಂತಲೂ ಒಳ್ಳೆಯ ಮುನ್ಸೂಚನೆ ಆ ಎರಡನೇ ಫಿಲ್ಮೇ. ಆಗಲೇ ತುದಿ ಕಳೆದುಕೊಂಡ ಹಲ್ಲು ಮುಂದೆಯೂ ಕಳೆದುಕೊಳ್ಳುವ ಸಂಭವ ಜಾಸ್ತಿ. 2–3 ತಿಂಗಳು ಬಲ ನಿಲ್ಲಿಸಿ: ಪ್ಯಾಸಿವ್ ವೈರ್ (ಬಲ ಹಾಕದ ತಂತಿ) ಮಾತ್ರ, ಹಲ್ಲು ಎಳೆಯುವ ರಬ್ಬರ್ ಚೈನ್, ಇಲಾಸ್ಟಿಕ್ ಎರಡೂ ಬೇಡ. ಬ್ರಾಕೆಟ್ ಬಿಚ್ಚಬೇಕಿಲ್ಲ. ಆಮೇಲೆ ಹಗುರ ಬಲದಲ್ಲಿ ಮುಂದುವರಿಸಿ, 3 ತಿಂಗಳಿಗೆ ಮತ್ತೊಂದು ಐಓಪಿಎ. ಮೂರನೇ ಒಂದು ಭಾಗದ ಹತ್ತಿರ ಹೋಗಿದ್ದರೆ ಗುರಿಯನ್ನೇ ಇಳಿಸಿಕೊಳ್ಳಿ, ಹಲ್ಲು ತೆಗೆದ ಜಾಗ ಸ್ವಲ್ಪ ಉಳಿದರೂ ಚಿಂತೆಯಿಲ್ಲ.

ಫಿಲ್ಮ್‌ಹೋಲ್ಡರ್:
ಬಲ ತೆಗೆದ ಮೇಲೆ ಸವೆತ ಸಾಮಾನ್ಯವಾಗಿ ನಿಲ್ಲುತ್ತದೆ. ಉಳಿದ ಬೇರು 9 ಮಿ.ಮೀ. ಅಥವಾ ಕಡಿಮೆ ಇದ್ದರೆ ಹಲ್ಲು ಅಲುಗಾಡುವ ಸಂಭವ ಇದೆ. ರಿಟೇನರ್ (ಹಲ್ಲು ಮತ್ತೆ ಸರಿಯದಂತೆ ಹಿಡಿಯುವ ಸಾಧನ) ಕೂರಿಸುವಾಗ ಆ ಹಲ್ಲಿಗೆ ಎದುರು ಹಲ್ಲು ಬಡಿಯುತ್ತಿದೆಯಾ ಅಂತ ಆರ್ಟಿಕ್ಯುಲೇಟಿಂಗ್ ಪೇಪರಿನಲ್ಲಿ (ಕಚ್ಚಿದ ಕಡೆ ಬಣ್ಣದ ಗುರುತು ಬೀಳುವ ಕಾಗದ) ನೋಡಿ.