ಕಂದಾಯ ದಿಲ್ಲಿಗೆ ಹೋಗುತ್ತಂತೆ!

ಹೈಸ್ಕೂಲ್ ಗೆಳೆಯರ ಬಳಗ, ಮಂಡ್ಯ
ಸೆಪ್ಟೆಂಬರ್ 2025

ಪುಟ್ಟಸ್ವಾಮಿ: (ಫಾರ್ವರ್ಡ್, ಜೊತೆಗೆ ಗಬ್ಬು ಚರಂಡಿಯ ಫೋಟೊ) "ನೀವು ಪಂಚಾಯ್ತಿಗೆ ಕಟ್ಟೋ ಮನೆ ಕಂದಾಯದಲ್ಲಿ ಮುಕ್ಕಾಲು ಭಾಗ ದಿಲ್ಲಿ ಪಾಲು. ಅದಕ್ಕೇ ನಿಮ್ಮೂರ ಚರಂಡಿ ಹೀಗಿದೆ. ಕಂದಾಯ ಕಟ್ಟಬೇಡಿ. ಎಲ್ಲರಿಗೂ ಕಳಿಸಿ."

ಶಿವಣ್ಣ: ಯಾವನ್ಲಾ ಇದನ್ನ ಬರೆದೋನು? ಒಂದು ಪೈಸೆನೂ ದಿಲ್ಲಿಗೆ ಹೋಗಲ್ಲ. 1993ರ ಪಂಚಾಯತ್ ರಾಜ್ ಕಾಯ್ದೆ ಪ್ರಕಾರ ಕಂದಾಯ ಹಾಕೋದೂ ಪಂಚಾಯ್ತಿ, ವಸೂಲಿ ಮಾಡೋದೂ ಪಂಚಾಯ್ತಿ, ಇಟ್ಕೊಳ್ಳೋದೂ ಪಂಚಾಯ್ತಿ. ರಸೀದಿಲಿ ಕೆಳಗಡೆ ಗ್ರಂಥಾಲಯ ಕರ ಶೇ. 6, ಭಿಕ್ಷುಕರ ಕರ ಶೇ. 3 ಅಂತ ಸಾಲು ಇರ್ತವೆ ನೋಡು, ಅಂಥ ಸೆಸ್ಸು ಮಾತ್ರ ಊರು ಬಿಟ್ಟು ಹೋಗೋದು. ಅದೂ ರಾಜ್ಯದೊಳಗೇ.

ರುದ್ರೇಶ: ಸರಿ ಕಣಯ್ಯ, ಮೇಲಿಂದ ಬರೋ ದುಡ್ಡು? ಕೇಂದ್ರ ಕೊಡುತ್ತೆ, ರಾಜ್ಯ ನುಂಗುತ್ತೆ.

ಮಂಜುಳಾ: ನುಂಗೋದು ಅಷ್ಟು ಸಲೀಸಲ್ಲ ರುದ್ರೇಶ. 15ನೇ ಹಣಕಾಸು ಆಯೋಗದ ಅನುದಾನ ರಾಜ್ಯಕ್ಕೆ ಬಂದ 10 ಕೆಲಸದ ದಿನದೊಳಗೆ ಪಂಚಾಯ್ತಿಗೆ ಹೋಗ್ಬೇಕು, ತಡ ಆದ್ರೆ ರಾಜ್ಯವೇ ಬಡ್ಡಿ ಸೇರಿಸಿ ಕೊಡ್ಬೇಕು. ತೊಡಕಿರೋದು ಬೇರೆ ಕಡೆ. 10 ಲಕ್ಷ ಬಂತು ಅಂದ್ಕೊ. 3 ಲಕ್ಷ ನೈರ್ಮಲ್ಯಕ್ಕೆ, 3 ಲಕ್ಷ ಕುಡಿಯೋ ನೀರಿಗೆ ಅಂತ ಮೊದಲೇ ಕಟ್ಟಿಹಾಕಿರ್ತಾರೆ. ರಸ್ತೆ, ಬೀದಿದೀಪ ಎಲ್ಲ ಉಳಿದ 4 ಲಕ್ಷದಲ್ಲಿ. ಅದರಲ್ಲೂ ನೀರುಗಂಟಿ ಸಂಬಳ ಕೊಡಂಗಿಲ್ಲ.

ಮಂಜುಳಾ: ಬಿಲ್ ಪಾಸಾಗೋಕೆ ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ), ಅಧ್ಯಕ್ಷರು ಇಬ್ಬರ ಡಿಜಿಟಲ್ ಸಹಿನೂ ಬೇಕು. ಅವಿಶ್ವಾಸ ತಂದು ಅಧ್ಯಕ್ಷರನ್ನ ಇಳಿಸಿದ್ರು ಅನ್ನು, ಹೊಸಬರ ಸಹಿ ನೋಂದಣಿ ಆಗೋವರೆಗೂ ದುಡ್ಡು ಖಾತೇಲೇ ಕೂತಿರುತ್ತೆ. ಜನ ತಿಂದ್ಹಾಕಿದ್ರು ಅಂತಾರೆ.

ರುದ್ರೇಶ: ರಾಜ್ಯದ ಪರ ವಕಾಲತ್ತು ಚೆನ್ನಾಗಿ ಮಾಡ್ತೀಯ ಕಣಮ್ಮ. ಜಿಲ್ಲಾ ಪಂಚಾಯ್ತಿ, ತಾಲ್ಲೂಕು ಪಂಚಾಯ್ತಿ ಅವಧಿ 2021ಕ್ಕೇ ಮುಗೀತು. ಚುನಾವಣೆ ಎಲ್ಲಿ?

ಮಂಜುಳಾ: ಅದನ್ನ ಒಪ್ತೀನಿ. ಚುನಾಯಿತ ಮಂಡಳಿ ಇಲ್ಲದ ಕಡೆಗೆ ಆ ಅನುದಾನನೇ ಬರಲ್ಲ. ಸಂವಿಧಾನದ 243ಇ ಐದು ವರ್ಷದ ಮೇಲೆ ಎಳೆಯಂಗಿಲ್ಲ ಅನ್ನುತ್ತೆ. ಆದ್ರೆ ಮೀಸಲಾತಿ ಪಟ್ಟಿ ಸರ್ಕಾರದ ಕೈಲಿದೆ. ಅದು ಬರದೆ ರಾಜ್ಯ ಚುನಾವಣಾ ಆಯೋಗ ದಿನಾಂಕ ಹೇಗೆ ಹಾಕುತ್ತೆ?

ಶಿವಣ್ಣ: ಬುಡದಲ್ಲೇ ಹಂಗಿದೆ. ಸ್ಥಳೀಯ ಸರ್ಕಾರ ಅನ್ನೋದೇ ಸಂವಿಧಾನದ ಏಳನೇ ಅನುಸೂಚಿಯ ರಾಜ್ಯಪಟ್ಟಿಯಲ್ಲಿ 5ನೇ ನಮೂದು, ಅಂದ್ರೆ ರಾಜ್ಯದ ಕೈಲಿರೋ ವಿಷಯ. 73ನೇ ತಿದ್ದುಪಡಿ ಪಂಚಾಯ್ತಿಗಳಿಗೆ ಅಂತ 29 ವಿಷಯ ಪಟ್ಟಿ ಮಾಡ್ತು, ಕೊಡಲೇಬೇಕು ಅನ್ನಲಿಲ್ಲ, ಕೊಡಬಹುದು ಅಂತು. ಆ 'ಬಹುದು' ಹಿಡ್ಕೊಂಡು ಎಲ್ಲಾ ಪಕ್ಷದೋರೂ ಮೂವತ್ತು ವರ್ಷ ದೂಡಿದ್ರು.

ರುದ್ರೇಶ: ನಾನೂ ಅದನ್ನೇ ಅಲ್ವಾ ಹೇಳಿದ್ದು!

ಶಿವಣ್ಣ: ಇಲ್ಲ ಕಣ್ಲಾ. ನೀನು ದುಡ್ಡು ನುಂಗ್ತು ಅಂದೆ. ನಾನು ಅಧಿಕಾರ ಬಿಟ್ಕೊಡಲಿಲ್ಲ ಅಂದೆ.

ಪುಟ್ಟಸ್ವಾಮಿ: ಎಲ್ಲಾ ಸರಿ ಕಣ್ರಪ್ಪ, ಈ ಚರಂಡಿಗೆ ಯಾರನ್ನ ಹಿಡೀಬೇಕು?

ಮಂಜುಳಾ: ಫೋಟೊ ದೊಡ್ಡದು ಮಾಡಿ ನೋಡಿ. ಎಡಗಡೆ ಗಿಡದ ಮರೇಲಿ ಮೈಲಿಗಲ್ಲಿದೆ, ಅದರ ತಲೆ ಹಸಿರು. ಅಂದ್ರೆ ರಾಜ್ಯ ಹೆದ್ದಾರಿ, ಪಿಡಬ್ಲ್ಯುಡಿದು. ಪಂಚಾಯ್ತಿ ದುಡ್ಡು ಅಲ್ಲಿಗೆ ಹಾಕಿದ್ರೆ ಆಡಿಟ್‌ನೋರು ಆಕ್ಷೇಪಣೆ ಬರೀತಾರೆ.

ರುದ್ರೇಶ: ಥೂ! ಒಂದು ಗಂಟೆಯಿಂದ ಯಾವ ಚರಂಡಿಗೆ ಕಿತ್ತಾಡ್ತಿದ್ವಿ?

ಪುಟ್ಟಸ್ವಾಮಿ: ಹಂಗಾದ್ರೆ ಅರ್ಜಿ ಲೋಕೋಪಯೋಗಿ ಇಲಾಖೆಗಾ?

ಮಂಜುಳಾ: ಹೂಂ, ಉಪವಿಭಾಗದ ಎಇಇಗೆ (ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್). ಕಲ್ಲಿನ ಮೇಲಿರೋ ಕಿ.ಮೀ. ಸಂಖ್ಯೆ, ರಸ್ತೆಯ ಯಾವ ಮಗ್ಗುಲು ಅನ್ನೋದು ಎರಡೂ ಬರೀರಿ. ಬರೀ 'ನಮ್ಮೂರ ಚರಂಡಿ' ಅಂತ ಬರೆದ್ರೆ ಪಂಚಾಯ್ತಿಗೇ ವಾಪಸ್ ಕಳಿಸ್ತಾರೆ.